ನೋಟಿಸ್ ಅವಧಿಯ ಬಲದಿಂದ ವಿಮಾನ ಹಾರುವುದಿಲ್ಲ

ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆ ಕುರಿತ ಸಿಎಜಿ ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಮೊದಲ ಮೂರು ಸುತ್ತುಗಳಲ್ಲಿ ವಿಮಾನಯಾನ ಸಂಸ್ಥೆಗಳಿಗೆ ಹಂಚಿಕೆಯಾದ ಮಾರ್ಗಗಳು 774. ಅವುಗಳಲ್ಲಿ 403 ಮಾರ್ಗಗಳಲ್ಲಿ ಹಾರಾಟ ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಆ ಅವಧಿಯ ಆಚೆಗೂ, 2023ರ ಮಾರ್ಚ್ ಹೊತ್ತಿಗೆ, ಉಳಿದುಕೊಂಡಿದ್ದು ಬರೀ 54. ಇದಕ್ಕೆ ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಪಟ್ಟಿ: ರನ್‌ವೇ ಸಿದ್ಧವಾಗಲಿಲ್ಲ, ವಿಮಾನ ಸಿಗಲಿಲ್ಲ, ಇಂಧನ ದುಬಾರಿಯಾಯಿತು, ಪ್ರಯಾಣಿಕರು ಬರಲಿಲ್ಲ. ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ವಿಮಾನದ ಮುಂಭಾಗದ ಎರಡು ಸೀಟುಗಳ ಮಾತು ಬರುವುದು ಅಪರೂಪ. ಸಣ್ಣ ಊರುಗಳಿಗೆ ಹಾರುವ ಸಂಸ್ಥೆಗಳಲ್ಲಿ ಪೈಲಟ್‌ಗಳು ನಿಲ್ಲುವುದಿಲ್ಲ. ಅನುಭವ ಬಂದ ಕೂಡಲೇ ದೊಡ್ಡ ಸಂಸ್ಥೆಗಳಿಗೆ ಹೋಗುತ್ತಾರೆ. ಇದಕ್ಕೆ ನಾವು ಇಪ್ಪತ್ತು ವರ್ಷಗಳಿಂದ ಹುಡುಕಿಕೊಂಡಿರುವ ಮದ್ದು ಎಂದರೆ ನೋಟಿಸ್ ಅವಧಿ ಹೆಚ್ಚಿಸುವುದು, ಬಾಂಡ್ ಬರೆಸಿಕೊಳ್ಳುವುದು. ಈ ಮದ್ದು ಕೆಲಸ ಮಾಡಿಲ್ಲ. ಹೋಗುವವರನ್ನು ತಡೆಯುವ ಬದಲು ಅವರು ಯಾವಾಗ, ಯಾವ ಕ್ರಮದಲ್ಲಿ, ಯಾವ ಲೆಕ್ಕದಲ್ಲಿ ಹೋಗಬಹುದು ಎಂಬುದನ್ನು ಮೊದಲೇ ಬರೆದಿಡುವ ವ್ಯವಸ್ಥೆ ನಮಗೆ ಬೇಕು ಎಂಬುದು ಈ ಲೇಖನದ ವಾದ.

ಸಣ್ಣ ಸಂಸ್ಥೆಗೆ ಇದು ಎಷ್ಟು ನಾಜೂಕಿನ ವಿಷಯ ಎಂಬುದು ಸ್ವಲ್ಪ ಲೆಕ್ಕ ಹಾಕಿದರೆ ತಿಳಿಯುತ್ತದೆ. ಸಣ್ಣ ಊರುಗಳಿಗೆ ಹಾರುವ ಒಂದು ಎಟಿಆರ್ ಟರ್ಬೊಪ್ರಾಪ್ ವಿಮಾನ ದಿನಕ್ಕೆ ಎಂಟು ಬಾರಿ, ಪ್ರತಿ ಸಲ ಒಂದು ಗಂಟೆ ಹತ್ತು ನಿಮಿಷದಂತೆ ಹಾರಿದರೆ ವರ್ಷಕ್ಕೆ ಸುಮಾರು 3,400 ಗಂಟೆ ಆಗುತ್ತದೆ. ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ರಜೆ, ವೈದ್ಯಕೀಯ ತಪಾಸಣೆ, ಸಿಮ್ಯುಲೇಟರ್ ಪರೀಕ್ಷೆ, ವಾರದ ವಿಶ್ರಾಂತಿ ಎಲ್ಲ ಕಳೆದರೆ ಒಂದು ವಿಮಾನಕ್ಕೆ ಐದು ಜೋಡಿಯಾದರೂ ಬೇಕು. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ತನ್ನ ಪರಿಷ್ಕೃತ ನಿಯಮದಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ಮೇಲೆ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ಮೂರು ವಿಮಾನಗಳ ಸಂಸ್ಥೆಯಲ್ಲಿ ಹಾಗಾದರೆ ಹದಿನೈದು ಕ್ಯಾಪ್ಟನ್‌ಗಳು. ಅವರಲ್ಲಿ ಇಬ್ಬರು ಒಂದೇ ತಿಂಗಳು ಕೆಲಸ ಬಿಟ್ಟರೆ ಎಂಟರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೇವೆ ಕೈಬಿಟ್ಟಂತೆ. ಐದು ಸಾವಿರಕ್ಕೂ ಹೆಚ್ಚು ಪೈಲಟ್‌ಗಳಿರುವ ಇಂಡಿಗೋದಂಥ ಸಂಸ್ಥೆಗೆ ಇಬ್ಬರು ಹೋದರೆ ಗೊತ್ತೂ ಆಗುವುದಿಲ್ಲ. ಅಂಥ ದೈತ್ಯ ಸಂಸ್ಥೆಯೇ ಹೊಸ ವಿಶ್ರಾಂತಿ ನಿಯಮಕ್ಕೆ ಬೇಕಾದಷ್ಟು ಸಿಬ್ಬಂದಿಯನ್ನು ಹೊಂದಿಸಲಾಗದೆ 2025ರ ಡಿಸೆಂಬರ್‌ನಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿ ದೇಶವನ್ನೇ ಕಂಗೆಡಿಸಿತು ಎಂದ ಮೇಲೆ, ಮೂರು ವಿಮಾನಗಳವರ ಪಾಡು ಹೇಳಬೇಕಿಲ್ಲ.

ಪೈಲಟ್‌ಗಳು ಹೋಗುವುದೇಕೆ? ದುರಾಸೆ ಎಂದುಬಿಡುವುದು ಸುಲಭ. ಆದರೆ ಒಂದು ದಿನದ ರೋಸ್ಟರ್ ಬಿಡಿಸಿ ನೋಡಬೇಕು. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುವ ಏರ್‌ಬಸ್ ಜೋಡಿ ಹೊರಡುವ ಒಂದು ಗಂಟೆ ಮೊದಲು ಹಾಜರಾಗುತ್ತದೆ, ಹೋಗಲು ಎರಡೂಮುಕ್ಕಾಲು ಗಂಟೆ, ಅಲ್ಲಿ ಒಂದು ಗಂಟೆ, ಬರಲು ಮತ್ತೆ ಎರಡೂಮುಕ್ಕಾಲು, ಕೊನೆಗೆ ಕಾಗದಪತ್ರಕ್ಕೆ ಅರ್ಧ ಗಂಟೆ. ಒಟ್ಟು ಎಂಟು ಗಂಟೆ ಕೆಲಸ, ಅದರಲ್ಲಿ ಹಾರಾಟದ ಲೆಕ್ಕಕ್ಕೆ ಬರುವುದು ಐದೂವರೆ ಗಂಟೆ. ಅದೇ ದಿನ ಬೆಂಗಳೂರಿನಿಂದ ಸಣ್ಣ ಊರುಗಳಿಗೆ ನಾಲ್ಕು ಸೆಕ್ಟರ್ ಮಾಡುವ ಎಟಿಆರ್ ಜೋಡಿಯೂ ಒಂದು ಗಂಟೆ ಮೊದಲೇ ಬರುತ್ತದೆ. ಒಂದು ಗಂಟೆ ಹತ್ತು ನಿಮಿಷದ ನಾಲ್ಕು ಹಾರಾಟ, ನಡುವೆ ಅರ್ಧ ಗಂಟೆ ಚಿಲ್ಲರೆಯ ಮೂರು ನಿಲುಗಡೆ, ಕೊನೆಗೆ ಅರ್ಧ ಗಂಟೆ. ಇದೂ ಹೆಚ್ಚೂಕಡಿಮೆ ಎಂಟು ಗಂಟೆಯ ದುಡಿಮೆಯೇ. ಆದರೆ ಹಾರಾಟದ ಲೆಕ್ಕಕ್ಕೆ ಬರುವುದು ನಾಲ್ಕು ಗಂಟೆ ನಲವತ್ತು ನಿಮಿಷ. ಮೊದಲ ಜೋಡಿ ಎರಡು ಸಲ ಇಳಿಯುತ್ತದೆ. ಎರಡನೆಯದು ನಾಲ್ಕು ಸಲ, ಅದೂ ಮಳೆಗಾಲದ ಮೋಡದೊಳಗೆ, ದೊಡ್ಡ ನಿಲ್ದಾಣಗಳಷ್ಟು ಸೌಕರ್ಯವಿಲ್ಲದ ರನ್‌ವೇಗಳಲ್ಲಿ. ಹಾರಾಟದ ಗಂಟೆಯ ಮೇಲೆ ಭತ್ಯೆ ಕೊಡುವ ಪದ್ಧತಿಯಲ್ಲಿ ಹೆಚ್ಚು ಇಳಿದವರಿಗೇ ಕಡಿಮೆ ದುಡ್ಡು. ಎಟಿಆರ್ ಪೈಲಟ್‌ನ ಗಂಟೆಯ ದರವೂ ಏರ್‌ಬಸ್ ಪೈಲಟ್‌ನ ದರಕ್ಕಿಂತ ಕೆಳಗಿರುವುದು ಈ ಉದ್ಯಮದ ವಾಡಿಕೆ. ಹೀಗಾಗಿ ವ್ಯತ್ಯಾಸ ಎರಡು ಕಡೆಯಿಂದ ಬೆಳೆಯುತ್ತದೆ.

ಪೈಲಟ್‌ಗಳು ಬಿಟ್ಟುಹೋಗುವುದರ ಹಿಂದೆ ಸಾಲದ ಹೊರೆಯೂ ಇದೆ. ಅಮೇಥಿ ಜಿಲ್ಲೆಯಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲೇ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತರಬೇತಿಯ ಶುಲ್ಕ 45 ಲಕ್ಷ ರೂಪಾಯಿ ಮುಟ್ಟಿದೆ. ಅದಾದ ಮೇಲೆ ನಿರ್ದಿಷ್ಟ ವಿಮಾನ ಓಡಿಸಲು ಬೇಕಾದ ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ ಸುರಿಯಬೇಕು. ಬರೀ 45 ಲಕ್ಷವನ್ನು ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 62 ಸಾವಿರ. ಹೊಸಬರ ಮೊದಲ ವರ್ಷಗಳ ಸಂಬಳದಲ್ಲಿ ಈ ಕಂತು ಕಳೆದು ಉಳಿಯುವುದರಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಬೇಕು. ಈ ಲೆಕ್ಕದಲ್ಲಿ ಸಿಲುಕಿದ ಇಪ್ಪತ್ತೈದರ ಹುಡುಗನಿಗಾಗಲಿ ಹುಡುಗಿಗಾಗಲಿ ಮೊದಲ ಕೆಲಸ ಎಲ್ಲಿ ಸಿಕ್ಕಿತು ಎಂಬುದಕ್ಕಿಂತ ಎರಡನೇ ಕೆಲಸ ಎಷ್ಟು ಬೇಗ ಸಿಗುತ್ತದೆ ಎಂಬುದೇ ಮುಖ್ಯವಾಗುತ್ತದೆ. ಕ್ಯಾಪ್ಟನ್ ಸೀಟಿಗೆ ಬೇಕಾದ ಉನ್ನತ ಲೈಸೆನ್ಸ್‌ಗೆ 1,500 ಗಂಟೆ ಹಾರಿರಬೇಕು. ನಾಲ್ಕೈದು ವಿಮಾನಗಳ ಸಂಸ್ಥೆಯಲ್ಲಿ ಆ ಗಂಟೆಗಳು ಕೂಡಿದರೂ ಕ್ಯಾಪ್ಟನ್ ಸೀಟು ಖಾಲಿಯಾಗಬೇಕಲ್ಲ? ಜೊತೆಗೆ ಎಟಿಆರ್‌ನ ರೇಟಿಂಗ್ ಏರ್‌ಬಸ್‌ಗೆ ನಡೆಯುವುದಿಲ್ಲ. ಎಂಬ್ರೇಯರ್ ಜೆಟ್ ಓಡಿಸುವವರಿಗಂತೂ ದೇಶದೊಳಗೆ ಅದೇ ವಿಮಾನವಿರುವ ಬೇರೆ ಸಂಸ್ಥೆ ಸಿಗುವುದು ಕಷ್ಟ. ತಡಮಾಡಿದಷ್ಟೂ ದೊಡ್ಡ ಸಂಸ್ಥೆಯ ಹಿರಿತನದ ಪಟ್ಟಿಯಲ್ಲಿ ಕೆಳಗೆ ಬೀಳುವುದು ಖಚಿತ. ಹಾಗಾಗಿ ಅವಕಾಶ ಸಿಕ್ಕ ದಿನವೇ ಹೊರಡುವುದು ಅವರ ಪಾಲಿಗೆ ಸರಿಯಾದ ನಿರ್ಧಾರ.

ಈ ನಿರ್ಧಾರಕ್ಕೆ ಸರ್ಕಾರ ಕೊಟ್ಟ ಉತ್ತರ ನಿಯಮದ್ದು. 2005ರಲ್ಲಿ ಡಿಜಿಸಿಎ ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಅವಧಿ ವಿಧಿಸಿತು. 2017ರ ಆಗಸ್ಟ್‌ನಲ್ಲಿ ಅದು ಕ್ಯಾಪ್ಟನ್‌ಗಳಿಗೆ ಒಂದು ವರ್ಷವಾಯಿತು. ಸಹಪೈಲಟ್‌ಗಳಿಗೆ ಆರು ತಿಂಗಳೇ ಉಳಿಯಿತು. ಹಳೆಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇಲ್ಲದೆ ಹೊಸ ಸಂಸ್ಥೆ ಸೇರಿಸಿಕೊಳ್ಳುವಂತಿಲ್ಲ. ಪೈಲಟ್ ದಿಢೀರ್ ರಾಜೀನಾಮೆ ಕೊಟ್ಟರೆ ವಿಮಾನ ರದ್ದಾಗಿ ಪ್ರಯಾಣಿಕರಿಗೆ ತೊಂದರೆಯಾಗುತ್ತದೆ, ಆದ್ದರಿಂದ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬುದು ಈ ನಿಯಮದ ಸಮರ್ಥನೆ. ಇದರ ಮೇಲೆ ಸಂಸ್ಥೆಗಳು ತಮ್ಮದೇ ಬಾಂಡ್ ಹೇರುತ್ತವೆ: ತರಬೇತಿ ಕೊಟ್ಟಿದ್ದೇವೆ, ಇಷ್ಟು ವರ್ಷ ಇರಬೇಕು, ಇಲ್ಲವಾದರೆ ಇಷ್ಟು ಲಕ್ಷ ಕಟ್ಟಬೇಕು. ಒಂದು ವರ್ಷದ ನೋಟಿಸ್ ಎಂಬುದು ಬೇರೆ ವೃತ್ತಿಯಲ್ಲಿ ಕೇಳರಿಯದ ಮಾತು. ವೈದ್ಯರಿಗಿಲ್ಲ, ರೈಲು ಚಾಲಕರಿಗಿಲ್ಲ, ಅಣು ವಿದ್ಯುತ್ ಸ್ಥಾವರದ ಎಂಜಿನಿಯರ್‌ಗೂ ಇಲ್ಲ.

ಇಷ್ಟು ಎತ್ತರದ ಬೇಲಿ ಕಟ್ಟಿದ್ದರಿಂದ ಪೈಲಟ್‌ಗಳು ನಿಂತರೇ? 2023ರಲ್ಲಿ ಆಕಾಸಾ ಏರ್ ಸಂಸ್ಥೆಯ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಬಿಟ್ಟು ಹೋದರು. ಸಂಸ್ಥೆ ವಿಮಾನಗಳನ್ನು ರದ್ದು ಮಾಡಿತು, ಪರಿಹಾರ ಕೋರಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು, ನಿಯಮ ಜಾರಿ ಮಾಡಿಸಿ ಎಂದು ದೆಹಲಿ ಹೈಕೋರ್ಟ್‌ಗೂ ಹೋಯಿತು. ಅಲ್ಲಿ ಡಿಜಿಸಿಎ ಹೇಳಿದ್ದು, ಸಂಸ್ಥೆ ಮತ್ತು ಪೈಲಟ್ ನಡುವಿನ ಉದ್ಯೋಗ ಕರಾರಿನಲ್ಲಿ ತಾನು ತಲೆಹಾಕಲಾಗದು ಎಂದು. ನಿಯಮ ಬರೆದವರೇ ಅದರ ಜಾರಿಗೆ ಕೈಯೆತ್ತಿದ ಮೇಲೆ ಉಳಿಯುವುದೇನು? ನಮ್ಮ ಕಾನೂನಿನ ಸ್ವಭಾವವೂ ಹಾಗೇ ಇದೆ. ಒಲ್ಲದ ಮನುಷ್ಯನಿಂದ ದುಡಿಮೆ ಮಾಡಿಸಿಕೊಡಿ ಎಂದರೆ ಕೋರ್ಟ್ ಒಪ್ಪುವುದಿಲ್ಲ. ಹೆಚ್ಚೆಂದರೆ ಆದ ನಷ್ಟಕ್ಕೆ ನ್ಯಾಯವಾದ ಪರಿಹಾರ ಕೊಡಿಸುತ್ತದೆ. ಆ ಪರಿಹಾರದ ಮೊತ್ತವನ್ನು ಹೊಸ ಸಂಸ್ಥೆ ತಾನೇ ತುಂಬಿಕೊಡಲು ಸಿದ್ಧವಿದ್ದರೆ ಬಾಂಡ್ ಎಂಬುದು ವರ್ಗಾವಣೆಯ ಶುಲ್ಕವಾಗುತ್ತದೆ, ಅಷ್ಟೆ.

ಬೇಲಿ ಒಂದೇ ಕಡೆಗೆ ಇರುವುದು ಇನ್ನೂ ದೊಡ್ಡ ತೊಡಕು. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ನಿಲ್ಲುವ ಮೊದಲು ಕಿಂಗ್‌ಫಿಷರ್ ಮತ್ತು ಜೆಟ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ ಬಿದ್ದಿತ್ತು. ಪ್ರಾದೇಶಿಕ ಸಂಸ್ಥೆಯಾಗಿದ್ದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಸಂಬಳದ ಬಾಕಿ ಉಳಿಸಿಕೊಂಡೇ ನೆಲಕ್ಕಿಳಿಯಿತು. ಈ ಸಂಸ್ಥೆಗಳು ತಮ್ಮ ಪೈಲಟ್‌ಗಳಿಗೆ ಒಂದು ವರ್ಷದ ನೋಟಿಸ್ ಕೊಟ್ಟಿದ್ದವೇ? ವಿಸ್ತಾರಾದಲ್ಲಿ 2024ರಲ್ಲಿ ನಡೆದದ್ದು ಇನ್ನೊಂದು ಪಾಠ. ಏರ್ ಇಂಡಿಯಾ ಜೊತೆಗಿನ ವಿಲೀನದ ಹೊತ್ತಿಗೆ ಬಂದ ಹೊಸ ಕರಾರಿನಲ್ಲಿ, ಹಾರಲಿ ಬಿಡಲಿ ಸಂಬಳ ಖಾತರಿಯಿದ್ದ ತಿಂಗಳ 70 ಗಂಟೆ 40ಕ್ಕೆ ಇಳಿಯಿತು. ಅತೃಪ್ತಿ ಹೊಗೆಯಾಡಿ, ರಜೆಗಳು ಹೆಚ್ಚಿ, ಏಪ್ರಿಲ್‌ನಲ್ಲಿ ಸಂಸ್ಥೆ ದಿನಕ್ಕೆ 25ರಿಂದ 30 ಹಾರಾಟಗಳನ್ನು, ಅಂದರೆ ಶೇ 10ರಷ್ಟು ಸೇವೆಯನ್ನು ಕಡಿತ ಮಾಡಬೇಕಾಯಿತು. ಅಲ್ಲಿ ಎಲ್ಲರೂ ನೋಟಿಸ್ ಅವಧಿಯ ನಿಯಮದ ಅಡಿಯಲ್ಲೇ ಇದ್ದರು. ಕೆಲಸ ಬಿಡದಂತೆ ತಡೆದವರನ್ನು ಕೆಲಸದಲ್ಲಿ ಮನಸ್ಸಿಡುವಂತೆ ಮಾಡುವ ನಿಯಮ ಯಾವ ಡಿಜಿಸಿಎ ಬಳಿಯೂ ಇಲ್ಲ.

ಪ್ರಾದೇಶಿಕ ಪೈಲಟ್‌ಗಳ ಸಂಬಳದ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ಕಹಿಯಾಗಿ ಅನುಭವಿಸಿದ್ದು ಅಮೆರಿಕ. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಬಳಿ ಕಾಲ್ಗನ್ ಏರ್ ಸಂಸ್ಥೆಯ ಟರ್ಬೊಪ್ರಾಪ್ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವಿಮಾನದ ಮೇಲೆ ಇದ್ದ ಹೆಸರು ದೊಡ್ಡ ಸಂಸ್ಥೆಯದು, ಹಾರಿಸುತ್ತಿದ್ದುದು ಅದರ ಗುತ್ತಿಗೆ ಪಡೆದ ಸಣ್ಣ ಸಂಸ್ಥೆ. ವಿಮಾನ ವೇಗ ಕಳೆದುಕೊಂಡಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖಾ ಮಂಡಳಿ ಹೇಳಿತು. ಸಂಬಳವನ್ನು ಕಾರಣ ಎನ್ನಲಿಲ್ಲ. ಆದರೆ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳು ಅಮೆರಿಕನ್ನರನ್ನು ಬೆಚ್ಚಿಬೀಳಿಸಿದವು. ಸಹಪೈಲಟ್‌ನ ಮೂಲ ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಎಂಬ ಮಾತು ಅಲ್ಲಿ ಬಂತು. ಆಕೆ ವಾಸವಿದ್ದದ್ದು ಸಿಯಾಟಲ್ ಬಳಿ, ಕೆಲಸ ಶುರುವಾಗುತ್ತಿದ್ದುದು ಖಂಡದ ಇನ್ನೊಂದು ತುದಿಯ ನ್ಯೂಆರ್ಕ್‌ನಲ್ಲಿ. ಹಿಂದಿನ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಕೂತು ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್ ಸಿಬ್ಬಂದಿ ಕೋಣೆಯಲ್ಲಿ ರಾತ್ರಿ ಕಳೆದಿದ್ದರು. ಕೆಲಸದ ಊರಿನಲ್ಲಿ ಮನೆ ಹಿಡಿಯಲಾರದಷ್ಟು ಸಂಬಳಕ್ಕೂ ಕಾಕ್‌ಪಿಟ್‌ನ ದಣಿವಿಗೂ ನಂಟು ಇದೆ ಎಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆಮೇಲೆ ನಡೆದದ್ದು ನಮಗೆ ಹೆಚ್ಚು ಉಪಯುಕ್ತ. ಮೃತರ ಕುಟುಂಬಗಳ ಹೋರಾಟದಿಂದ 2010ರಲ್ಲಿ ಕಾನೂನು ಬಂತು. 2013ರಿಂದ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಯ ಅನುಭವ ಕಡ್ಡಾಯವಾಯಿತು. ಸಂಬಳ ಹಾಗೇ ಇದ್ದು ಅರ್ಹತೆ ಏರಿದಾಗ ಜನ ಸಿಗಲಿಲ್ಲ. ಸಣ್ಣ ಪಟ್ಟಣಗಳಿಗೆ ಹಾರುತ್ತಿದ್ದ ಗ್ರೇಟ್ ಲೇಕ್ಸ್ ಏರ್‌ಲೈನ್ಸ್ 2018ರಲ್ಲಿ ಪೈಲಟ್‌ಗಳ ಕೊರತೆಯನ್ನೇ ಮುಂದಿಟ್ಟು ಸೇವೆ ನಿಲ್ಲಿಸಿತು. ಕೋವಿಡ್ ನಂತರ ದೊಡ್ಡ ಸಂಸ್ಥೆಗಳು ಸಾವಿರಾರು ಪೈಲಟ್‌ಗಳನ್ನು ಸೆಳೆದುಕೊಂಡಾಗ ಬಿಸಿ ತಾಳಲಾಗದೆ, 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಪ್ರಾದೇಶಿಕ ಸಂಸ್ಥೆಗಳು ಹೊಸ ಸಹಪೈಲಟ್‌ನ ದರವನ್ನು ಗಂಟೆಗೆ 90 ಡಾಲರ್‌ಗೆ ಏರಿಸಿದವು. ಉಳಿದ ಸಂಸ್ಥೆಗಳೂ ಹಿಂಬಾಲಿಸಿದವು. ಎರಡು ವರ್ಷ ತುಂಬುವಷ್ಟರಲ್ಲಿ ಸಹಪೈಲಟ್ ಹುದ್ದೆಗೆ ಮತ್ತೆ ಸಾಲು ನಿಂತಿತು. ಸಂಬಳ ಏರಿಸಿದರೆ ಸಂಸ್ಥೆ ಉಳಿಯುವುದಿಲ್ಲ ಎಂದು ವಾದಿಸಿದ್ದವರೇ ಏರಿಸಿ ಉಳಿದುಕೊಂಡರು. ಆದರೆ ಕ್ಯಾಪ್ಟನ್‌ಗಳ ಕೊರತೆ ಆಗಲೂ ತೀರಲಿಲ್ಲ. ಗಂಟೆಗಳು ಕೂಡಿದ ಸಹಪೈಲಟ್‌ಗಳು ಕ್ಯಾಪ್ಟನ್ ಆಗುವ ಮೊದಲೇ ದೊಡ್ಡ ಸಂಸ್ಥೆಗೆ ಹಾರುತ್ತಿದ್ದರು. ಬರೀ ದುಡ್ಡು ಸಾಲದು, ದಾರಿಯೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಆ ದಾರಿಯ ಪ್ರಯೋಗವೂ ಅಲ್ಲೇ ನಡೆದಿದೆ. 1997ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಅದರ ಪ್ರಾದೇಶಿಕ ಶಾಖೆಯಾದ ಅಮೆರಿಕನ್ ಈಗಲ್ ನಡುವೆ ಪೈಲಟ್ ಸಂಘಗಳೂ ಸೇರಿ ಒಂದು ಒಪ್ಪಂದವಾಯಿತು: ಸಣ್ಣ ವಿಮಾನದ ಕ್ಯಾಪ್ಟನ್‌ಗಳು ಹಿರಿತನದ ಪ್ರಕಾರ ದೊಡ್ಡ ಸಂಸ್ಥೆಗೆ ಏರಬಹುದು, ಮತ್ತೆ ಸಂದರ್ಶನದ ಗೊಡವೆಯಿಲ್ಲ. ಇದರ ಬೆಲೆಯೂ ಅದರಲ್ಲೇ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ದೊಡ್ಡ ಸಂಸ್ಥೆ ಸಿಬ್ಬಂದಿಯನ್ನು ಮನೆಗೆ ಕಳಿಸಿದಾಗ ಅವರಲ್ಲಿ ಕೆಲವರು ಅದೇ ಒಪ್ಪಂದದ ಪ್ರಕಾರ ಕೆಳಗಿಳಿದು ಬಂದು ಈಗಲ್‌ನ ಕ್ಯಾಪ್ಟನ್ ಸೀಟುಗಳಲ್ಲಿ ಕೂತರು. ಏರಬೇಕಾದವರು ವರ್ಷಗಟ್ಟಲೆ ಕಾದರು. ಅಂದರೆ ಈ ವ್ಯವಸ್ಥೆ ಕುಂದಿಲ್ಲದ್ದೇನಲ್ಲ. ಆದರೂ ಇಂದಿಗೂ ಆ ಸಂಸ್ಥೆಯ ಪ್ರಾದೇಶಿಕ ಶಾಖೆಗಳು ಪೈಲಟ್‌ಗಳನ್ನು ಕರೆಯುವಾಗ ಮುಂದಿಡುವ ದೊಡ್ಡ ಆಕರ್ಷಣೆ ಇದೇ. ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಿರುವವರು ಈಗಿನ ಮೆಟ್ಟಿಲ ಮೇಲೆ ತಾಳ್ಮೆಯಿಂದ ನಿಲ್ಲುತ್ತಾರೆ. ಸಂಸ್ಥೆಗೂ ಮುಂದಿನ ವರ್ಷ ಎಷ್ಟು ಮಂದಿ ಹೋಗುತ್ತಾರೆ, ಎಷ್ಟು ಮಂದಿಯನ್ನು ಈಗಲೇ ತಯಾರು ಮಾಡಬೇಕು ಎಂಬುದು ಮೊದಲೇ ತಿಳಿದಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರ ಬಗ್ಗೆ ಮರುಗುವುದೇಕೆ? ಅತಿಥಿ ಉಪನ್ಯಾಸಕರಿಗೆ, ಆಶಾ ಕಾರ್ಯಕರ್ತೆಯರಿಗೆ ಸರಿಯಾಗಿ ಸಂಬಳವಾಗದ ನಾಡಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಇಲ್ಲಿ ಮರುಕದ ಪ್ರಶ್ನೆಯೇ ಇಲ್ಲ. ಹಿರಿಯ ಕ್ಯಾಪ್ಟನ್‌ಗಳು ಚೆನ್ನಾಗಿಯೇ ಸಂಪಾದಿಸುತ್ತಾರೆ. ಆದರೆ ಬೀದರ್‌ನ, ಕಲಬುರಗಿಯ, ಶಿವಮೊಗ್ಗದ ವಿಮಾನ ಉಳಿಯುವುದು ಪೈಲಟ್‌ನ ಸಂಬಳ ನ್ಯಾಯವಾಗಿದೆಯೇ ಎಂದು ನಾವು ಒಪ್ಪುವುದರಿಂದಲ್ಲ. ಆ ಸಂಬಳಕ್ಕೂ ಪಕ್ಕದ ದೊಡ್ಡ ಸಂಸ್ಥೆಯ ಸಂಬಳಕ್ಕೂ ಇರುವ ಅಂತರ ದಾಟಬಲ್ಲಷ್ಟು ಸಣ್ಣದಿದ್ದರೆ ಮಾತ್ರ. ಅದೂ ಅಲ್ಲದೆ, ಕ್ಯಾಪ್ಟನ್‌ಗಳ ಕೊರತೆ ಬಿದ್ದಾಗ ನಮ್ಮ ಸಂಸ್ಥೆಗಳು ತಾತ್ಕಾಲಿಕ ಪರವಾನಗಿಯ ಮೇಲೆ ವಿದೇಶಿ ಪೈಲಟ್‌ಗಳನ್ನು ಕರೆಸಿಕೊಳ್ಳುತ್ತವೆ, ಅವರು ಕೇಳಿದ ಸಂಬಳವನ್ನೂ ಕೊಡುತ್ತವೆ. ಅಭಾವದ ಬೆಲೆಯನ್ನು ಹೇಗೂ ತೆರುತ್ತಿದ್ದೇವೆ. ಅದನ್ನು ಇಲ್ಲಿಯವರನ್ನು ಉಳಿಸಿಕೊಳ್ಳಲು ತೆರುವುದೋ, ಅವರು ಹೋದ ಮೇಲೆ ಹೊರಗಿನಿಂದ ತರಲು ತೆರುವುದೋ ಎಂಬುದಷ್ಟೇ ಆಯ್ಕೆ.

ಎರಡನೆಯ ಆಕ್ಷೇಪ ಸಂಸ್ಥೆಗಳದು, ಮತ್ತು ಅದರಲ್ಲಿ ಹುರುಳಿದೆ. ತರಬೇತಿಗೆ ದುಡ್ಡು ಸುರಿದವರು ನಾವು, ಫಲ ಉಣ್ಣುವವರು ಬೇರೆಯವರು ಎಂದು ಅವರು ಗೋಳಾಡುವುದು ಸುಳ್ಳಲ್ಲ. ಬಾಂಡ್ ಕಾನೂನುಬಾಹಿರವೂ ಅಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದರೆ ಆ ಮೊತ್ತವನ್ನೂ ಅವಧಿಯನ್ನೂ ಗಮನಿಸಬೇಕು. ಸಂಸ್ಥೆಯ ನಿಜವಾದ ಖರ್ಚಿಗೆ, ನೌಕರನ ಸಂಬಳಕ್ಕೆ ಹೊಂದುವಂತಿದ್ದ ಷರತ್ತು ಅದು. ಪೈಲಟ್‌ನ ಬಾಂಡ್ ಕೂಡ ಹಾಗೇ ಇರಲಿ. ಸಿಮ್ಯುಲೇಟರ್‌ಗೆ, ತರಬೇತುದಾರರಿಗೆ ಎಷ್ಟು ಖರ್ಚಾಯಿತು ಎಂಬ ಬಿಲ್ಲು ಕರಾರಿಗೆ ಅಂಟಿರಲಿ, ಆ ಮೊತ್ತ ತಿಂಗಳು ತಿಂಗಳೂ ಇಳಿಯುತ್ತಾ ಮೂರು ವರ್ಷಕ್ಕೆ ಸೊನ್ನೆಯಾಗಲಿ. ಉಳಿದ ಮೊತ್ತವನ್ನು ಪೈಲಟ್‌ನ ಜೇಬಿನಿಂದ ಕೀಳುವ ಬದಲು ಸೇರಿಸಿಕೊಳ್ಳುವ ದೊಡ್ಡ ಸಂಸ್ಥೆಯೇ ನೇರವಾಗಿ ಸಣ್ಣ ಸಂಸ್ಥೆಗೆ ಪಾವತಿಸಲಿ. ಫುಟ್‌ಬಾಲ್‌ನಲ್ಲಿ ಎಳೆಯ ಆಟಗಾರನನ್ನು ಬೆಳೆಸಿದ ಸಣ್ಣ ಕ್ಲಬ್‌ಗಳಿಗೆ ದೊಡ್ಡ ಕ್ಲಬ್ ತರಬೇತಿ ಪರಿಹಾರ ಕೊಡಬೇಕೆಂಬ ನಿಯಮವನ್ನು ಫಿಫಾ 2001ರಲ್ಲೇ ತಂದಿತು. ನಮ್ಮ ಕೇಂದ್ರ ಸರ್ಕಾರವೂ ಭಾರತದ ಪೈಲಟ್‌ಗಳನ್ನು ವಿದೇಶಿ ಸಂಸ್ಥೆಗಳು ಎಗರಿಸುತ್ತಿವೆ, ಇದಕ್ಕೊಂದು ನೀತಿಸಂಹಿತೆ ಬೇಕು ಎಂದು 2025ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಗೆ ಮೊರೆಯಿಟ್ಟಿದೆ. ದೊಡ್ಡವರಿಗೆ ವಿದೇಶಿಯರ ಕಾಟ, ಸಣ್ಣವರಿಗೆ ದೊಡ್ಡವರ ಕಾಟ. ಹೊರಗೆ ಕೇಳುವ ನ್ಯಾಯವನ್ನು ಮನೆಯೊಳಗೆ ಮೊದಲು ಜಾರಿ ಮಾಡುವುದರಲ್ಲಿ ತಪ್ಪೇನಿದೆ?

ಮೂರನೆಯದು ದುಡ್ಡಿನ ಮಾತು. ಉಡಾನ್ ಶುರುವಾದಾಗ ಅರ್ಧದಷ್ಟು ಸೀಟುಗಳಿಗೆ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಹಾಕಲಾಗಿತ್ತು; ಇಂಥ ಲಾಭವಿಲ್ಲದ ವ್ಯವಹಾರದಲ್ಲಿ ಸಂಬಳ ಏರಿಸುವುದೆಲ್ಲಿಂದ ಎಂದು ಕೇಳುತ್ತಾರೆ. ಮೊದಲು ಹೇಳಿದ ವಿಮಾನವನ್ನೇ ತೆಗೆದುಕೊಳ್ಳೋಣ. ಹತ್ತು ಪೈಲಟ್‌ಗಳಿಗೆ ತಲಾ ಒಂದು ಲಕ್ಷ ಹೆಚ್ಚಿಸಿದರೆ ತಿಂಗಳಿಗೆ ಹತ್ತು ಲಕ್ಷ. 70 ಸೀಟಿನ ವಿಮಾನ ತಿಂಗಳಿಗೆ 240 ಸಲ ಹಾರಿ, ಸೀಟುಗಳು ಶೇ 70ರಷ್ಟು ತುಂಬಿದರೆ ಪ್ರಯಾಣಿಕರು ಸುಮಾರು 11,760. ಭಾಗಿಸಿದರೆ ಟಿಕೆಟ್‌ಗೆ 85 ರೂಪಾಯಿ. ಒಂದು ತಿಂಗಳು ಕ್ಯಾಪ್ಟನ್ ಇಲ್ಲದೆ ವಿಮಾನ ಅರ್ಧ ದಿನ ನಿಂತರೆ ಆಗುವ ನಷ್ಟ, ಗುತ್ತಿಗೆ ವಿಮಾನಕ್ಕೆ ಹಾರದೆಯೂ ಕಟ್ಟಬೇಕಾದ ಬಾಡಿಗೆ, ರದ್ದಾದ ಟಿಕೆಟ್‌ನ ಮರುಪಾವತಿ ಇವುಗಳ ಮುಂದೆ ಈ 85 ರೂಪಾಯಿ ದೊಡ್ಡದೇನಲ್ಲ. ಕೆಲಸದ ಹೊತ್ತನ್ನೂ ಇಳಿದ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿದು ಭತ್ಯೆ ಕೊಡಲು ಇಷ್ಟು ಸಾಕು.

ಹೆಚ್ಚು ಪೈಲಟ್‌ಗಳನ್ನು ತಯಾರಿಸಿದರೆ ಸಮಸ್ಯೆ ತಾನಾಗಿಯೇ ಕರಗುತ್ತದೆ ಎನ್ನುವವರೂ ಇದ್ದಾರೆ. 2023ರಲ್ಲಿ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು. ಅದು ಆವರೆಗಿನ ದಾಖಲೆ. ನಮ್ಮ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲೂ ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಕೊಡಲಾಗಿದೆ. ಒಳ್ಳೆಯದೇ. ಆದರೆ ಲೈಸೆನ್ಸ್ ಸಿಗುವುದು 200 ಗಂಟೆಗೆ. ಕ್ಯಾಪ್ಟನ್ ಆಗಲು ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಗಂಟೆಗಳನ್ನು ಯಾವ ಶಾಲೆಯೂ ಕೊಡುವುದಿಲ್ಲ. ಸಣ್ಣ ವಿಮಾನಯಾನ ಸಂಸ್ಥೆಗಳೇ ಆ ಶಾಲೆ. ಲೈಸೆನ್ಸ್ ಹಿಡಿದು ಕೆಲಸಕ್ಕೆ ಕಾಯುವವರ ಸಾಲು ಬೆಳೆದರೆ ಕೆಳಹಂತದ ಸಂಬಳ ಕುಸಿಯುತ್ತದೆ, ಬಾಂಡ್‌ನ ಮೊತ್ತ ಏರುತ್ತದೆ, ಆದರೆ ಎಡಗಡೆಯ ಕ್ಯಾಪ್ಟನ್ ಸೀಟು ಖಾಲಿಯಾಗಿಯೇ ಇರುತ್ತದೆ. ಒಂದು ತುದಿಯಲ್ಲಿ ನಿರುದ್ಯೋಗ, ಇನ್ನೊಂದು ತುದಿಯಲ್ಲಿ ಕೊರತೆ ಒಟ್ಟೊಟ್ಟಿಗೆ ಇರುವುದು ಈ ವೃತ್ತಿಯ ವೈಚಿತ್ರ್ಯ. ಮೊದಲ ತುದಿಯನ್ನು ಎರಡನೆಯದಕ್ಕೆ ಜೋಡಿಸುವ ದಾರಿಯಿಲ್ಲದೆ ಸಂಖ್ಯೆ ಹೆಚ್ಚಿಸುವುದರಿಂದ ಲಾಭವಾಗುವುದು ತರಬೇತಿ ಶುಲ್ಕ ವಸೂಲಿ ಮಾಡುವವರಿಗೆ.

ಹಾಗಾದರೆ ಆಗಬೇಕಾದ್ದೇನು? ಡಿಜಿಸಿಎಯ ನೋಟಿಸ್ ಅವಧಿ ಎರಡೂ ಕಡೆಗೆ ಸಮನಾಗಿ ಅನ್ವಯಿಸಬೇಕು. ಮೂವತ್ತು ದಿನ ಸಂಬಳ ತಡವಾದರೆ ಪೈಲಟ್ ಆ ಕ್ಷಣದಿಂದ ಬಂಧಮುಕ್ತ, ಎನ್‌ಒಸಿ ಬೇಕಿಲ್ಲ ಎಂದು ನಿಯಮದಲ್ಲೇ ಬರೆಯಬೇಕು. ಸಂಬಳ ಕೊಡಲಾಗದ ಸಂಸ್ಥೆಯ ಕೈಯಲ್ಲಿ ಎನ್‌ಒಸಿ ಎಂಬ ಬೀಗದಕೈ ಇರಬಾರದು. ಸಂಬಳ ಹೊತ್ತಿಗೆ ಸರಿಯಾಗಿ ಆಗುತ್ತಿದ್ದರೆ, ಸಹಪೈಲಟ್‌ಗೆ ಮೂರು ತಿಂಗಳು, ಕ್ಯಾಪ್ಟನ್‌ಗೆ ಆರು ತಿಂಗಳು ಸಾಕು. ಪ್ರಾದೇಶಿಕ ಸಂಸ್ಥೆ ಮತ್ತು ದೊಡ್ಡ ಸಂಸ್ಥೆಗಳ ನಡುವೆ ಬಡ್ತಿ ಒಪ್ಪಂದಗಳು ಬರಬೇಕು: ಸಣ್ಣ ಸಂಸ್ಥೆಯಲ್ಲಿ ಕ್ಯಾಪ್ಟನ್ ಆಗಿ ಇಷ್ಟು ವರ್ಷ ಹಾರಿದವರಿಗೆ ದೊಡ್ಡದರಲ್ಲಿ ಸೀಟು ಖಚಿತ, ಆದರೆ ತಿಂಗಳಿಗೆ ಇಷ್ಟೇ ಮಂದಿ. ಸಹಪೈಲಟ್ ಆಗಿಯೇ ಓಡುವ ಬದಲು ಕ್ಯಾಪ್ಟನ್ ಆಗಿ ಕೆಲವು ವರ್ಷ ನಿಲ್ಲುವುದು ಆಗ ಅವರಿಗೇ ಲಾಭ. ಎರಡೂ ಬಗೆಯ ವಿಮಾನಗಳಿರುವ ಸಂಸ್ಥೆ ಇದನ್ನು ತನ್ನೊಳಗೇ ಮಾಡಿಕೊಳ್ಳಬಹುದು; ಇಂಡಿಗೋ 2017ರ ಡಿಸೆಂಬರ್‌ನಿಂದ ಏರ್‌ಬಸ್ ಜೊತೆಗೆ ಎಟಿಆರ್‌ಗಳನ್ನೂ ಹಾರಿಸುತ್ತಿದೆ. ಒಂಟಿಯಾಗಿರುವ ಸಣ್ಣ ಸಂಸ್ಥೆಗಳಿಗೆ ಈ ಒಪ್ಪಂದವಿಲ್ಲದೆ ಉಳಿಗಾಲವಿಲ್ಲ. ಪೈಪೋಟಿಯ ಕಾಯ್ದೆಗೆ ಇದರಿಂದ ಧಕ್ಕೆಯಾಗದಂತೆ ನೋಡಿಕೊಳ್ಳಬೇಕು ನಿಜ: ಪೈಲಟ್ ಬೇರೆಡೆಗೆ ಹೋಗುವ ಹಕ್ಕು ಹಾಗೇ ಇರಬೇಕು, ಒಪ್ಪಂದ ಒಂದು ಹೆಚ್ಚುವರಿ ಬಾಗಿಲಾಗಿರಬೇಕು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2003ರಲ್ಲಿ ಏರ್ ಡೆಕ್ಕನ್ ಎಟಿಆರ್‌ಗಳಲ್ಲಿ ಸಣ್ಣ ಊರುಗಳನ್ನು ಜೋಡಿಸುವ ಕನಸು ಕಂಡದ್ದು ಬೆಂಗಳೂರಿನಿಂದ. 2019ರ ಜನವರಿಯಲ್ಲಿ ಸ್ಟಾರ್ ಏರ್ ಹುಬ್ಬಳ್ಳಿಯನ್ನು ಜೋಡಿಸಿ ಶುರುವಾದದ್ದೂ ಇಲ್ಲಿಂದಲೇ. ಬೀದರ್‌ಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು, ಎರಡು ವರ್ಷಕ್ಕೆ ಸಂಸ್ಥೆಯೇ ಮುಚ್ಚಿತು. ಆಮೇಲೆ ಅಲ್ಲಿಗೆ ಸ್ಟಾರ್ ಏರ್ ಬಂತು, 2023ರ ಕೊನೆಗೆ ಆ ಸೇವೆಯೂ ನಿಂತಿತು. 2025ರಲ್ಲಿ ಸೇವೆ ಮತ್ತೆ ಶುರುವಾಯಿತು. ಇವುಗಳಿಗೆಲ್ಲ ಪೈಲಟ್‌ಗಳ ಕೊರತೆಯೇ ಕಾರಣವೆಂದಲ್ಲ. ಆದರೆ ಉಡಾನ್ ಮಾರ್ಗಗಳ ಸಹಾಯಧನದಲ್ಲಿ ರಾಜ್ಯದ ಪಾಲು ಶೇ 20. ತನ್ನ ಬೊಕ್ಕಸದಿಂದ ದುಡ್ಡು ಕೊಡುವ ಸರ್ಕಾರಕ್ಕೆ ಷರತ್ತು ಹಾಕುವ ಹಕ್ಕೂ ಇದೆ. ಸಿಬ್ಬಂದಿಯ ಸಂಬಳ ಬಾಕಿಯಿಲ್ಲ ಎಂಬ ಪ್ರಮಾಣಪತ್ರ ಕೊಟ್ಟ ಮೇಲಷ್ಟೇ ಸಹಾಯಧನದ ಕಂತು ಬಿಡುಗಡೆ ಮಾಡುವುದನ್ನು ಬೆಂಗಳೂರು ಆರಂಭಿಸಬಹುದು, ದೆಹಲಿಗೆ ಕಾಯಬೇಕಿಲ್ಲ.

2025ರ ಕೇಂದ್ರ ಬಜೆಟ್ ಪರಿಷ್ಕೃತ ಉಡಾನ್ ಯೋಜನೆಯಲ್ಲಿ ಹತ್ತು ವರ್ಷಗಳಲ್ಲಿ 120 ಹೊಸ ಊರುಗಳಿಗೆ ವಿಮಾನ, 4 ಕೋಟಿ ಹೆಚ್ಚುವರಿ ಪ್ರಯಾಣಿಕರು ಎಂಬ ಗುರಿ ಇಟ್ಟಿದೆ. ಅದಕ್ಕೆ ಬಿಡ್ ಸಲ್ಲಿಸುವ ಪ್ರತಿ ಸಂಸ್ಥೆಯನ್ನೂ ವಿಮಾನ ಎಷ್ಟು, ಸೀಟು ಎಷ್ಟು, ಸಹಾಯಧನ ಎಷ್ಟು ಬೇಕು ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಮೂರನೆಯ ವರ್ಷ ಈ ವಿಮಾನವನ್ನು ಹಾರಿಸುವವರು ಯಾರು, ಅವರು ನಿಮ್ಮಲ್ಲೇ ಏಕೆ ಉಳಿದಿರುತ್ತಾರೆ? ಸಂಬಳದ ಪಟ್ಟಿ, ಇಳಿಯುತ್ತಾ ಹೋಗುವ ಬಾಂಡ್, ಸಹಿಯಾದ ಬಡ್ತಿ ಒಪ್ಪಂದ ತೋರಿಸಿದವರಿಗೆ ಅಂಕ ಕೊಡಬೇಕು. ಒಂದು ವರ್ಷದ ನೋಟಿಸ್ ಅವಧಿ ಇದೆಯಲ್ಲ ಎಂದಷ್ಟೇ ಉತ್ತರಿಸಿದವರಿಗೆ ಮಾರ್ಗ ಕೊಡಬಾರದು.